ಗಾಜಿನ ಬೋಗಿಯಿಂದ ಕಾಣದ ಹೆಸರುಗಳು: ಘಟ್ಟದ ರೈಲು ಮತ್ತು ನಮ್ಮ ಜನ

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಮಳೆಗಾಲ ಶುರುವಾದ್ರೆ ಸಾಕು, ನಮ್ಮೆಲ್ಲರ ಫೋನಿನಲ್ಲೂ ಸಕಲೇಶಪುರ ಘಟ್ಟದ ರೈಲಿನ ವಿಡಿಯೋಗಳು ಹರಿದಾಡ್ತವೆ. ದೊಡ್ಡ ಗಾಜಿನ ಕಿಟಕಿ, ಮೇಲೆ ಗಾಜಿನ ಚಾವಣಿ, ತಿರುಗುವ ಸೀಟು, ಹೊರಗೆ ಮಂಜು, ಜಲಪಾತ, ಹಿನ್ನೆಲೆಯಲ್ಲಿ ಒಂದು ಸಿನಿಮಾ ಹಾಡು. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಈ ವಿಸ್ಟಾಡೋಮ್ ಬೋಗಿ ಜೋಡಿಸಿದರು. ಒಂದು ಬೋಗಿಗೆ 44 ಸೀಟು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರು, ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ರೈಲು ನಿಧಾನಕ್ಕೆ ಇಳಿಯುತ್ತೆ, ಜನ ಬಾಯಿ ತೆರೆದು ನೋಡ್ತಾರೆ.

ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಚೆಲುವು ಯಾರಪ್ಪನ ಆಸ್ತಿಯೂ ಅಲ್ಲ. ನಮ್ಮ ಮಕ್ಕಳೂ ಆ ಗಾಜಿನ ಬೋಗಿಯಲ್ಲಿ ಕೂತು ಎಡಕುಮೇರಿಯ ಕಾಡು ನೋಡಲಿ ಅಂತಲೇ ನನ್ನ ಆಸೆ. ನನ್ನದು ಒಂದೇ ಪ್ರಶ್ನೆ. ಆ 57 ಸುರಂಗ ಕೊರೆದವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಒಬ್ಬರದ್ದು ಸಾಕು.

ಬರಲ್ಲ ಅಲ್ವಾ? ನನಗೂ ಬರಲ್ಲ. ಈ ಹೆಸರುಗಳು ಎಲ್ಲಿ ಹೋದವು ಅನ್ನೋದೇ ಈ ಪೋಸ್ಟಿನ ವಿಷಯ.

ನಾನು ಆಫೀಸಿನಲ್ಲಿ ಗುಮಾಸ್ತ. ಕಾಗದದ ಬದುಕು ನನಗೆ ಗೊತ್ತು. ಒಂದು ಕಾಮಗಾರಿ ನಡೆದರೆ ಎರಡು ಕಡೆ ಹೆಸರು ಬರೀತಾರೆ. ಉದ್ಘಾಟನೆ ಮಾಡಿದವರದ್ದು, ಎಂಜಿನಿಯರದ್ದು, ಅಧ್ಯಕ್ಷತೆ ವಹಿಸಿದವರದ್ದು ಕಲ್ಲಿನ ಮೇಲೆ. ಕೆಲಸ ಮಾಡಿದವರದ್ದು ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಕಲ್ಲು ಉಳಿಯುತ್ತೆ. ಮಸ್ಟರ್ ರೋಲು ಆಡಿಟ್ ಮುಗಿದು ಕೆಲವು ವರ್ಷ ಆದ ಮೇಲೆ ರೆಕಾರ್ಡ್ ರೂಮಿನಿಂದ ವಿಲೇವಾರಿಗೆ ಹೋಗುತ್ತೆ. ಗೆದ್ದಲಿಗೆ ಸಿಕ್ಕಿದ್ದು ಗೆದ್ದಲಿಗೆ, ಉಳಿದದ್ದು ರದ್ದಿಗೆ. ಹಾಗಾಗಿ ಮುಂದಿನ ತಲೆಮಾರು ಇತಿಹಾಸ ಬರೆಯೋಕೆ ಕೂತಾಗ ಕಲ್ಲು ಕಾಣುತ್ತೆ, ಹೆಬ್ಬೆಟ್ಟು ಕಾಣಲ್ಲ. ಯಾರೋ ಕೂತು ಪಿತೂರಿ ಮಾಡಬೇಕಾಗಿಲ್ಲ, ಕಡತದ ನಿಯಮವೇ ಸಾಕು, ನಮ್ಮನ್ನು ಅಳಿಸೋಕೆ.

ಪಶ್ಚಿಮ ಘಟ್ಟದ ರೈಲು ಕಥೆಯನ್ನು ಮೊದಲಿನಿಂದ ನೋಡೋಣ. ಘಟ್ಟ ಹತ್ತಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಮುಂಬೈ–ಪುಣೆ ನಡುವಿನ ಭೋರ್ ಘಾಟ್. ಇವತ್ತು ಅಲ್ಲೂ ಗಾಜಿನ ಬೋಗಿ ಓಡುತ್ತೆ. ಕೆಲಸ ಶುರುವಾಗಿದ್ದು 1856ರಲ್ಲಿ, ಮುಗಿದಿದ್ದು 1863ರಲ್ಲಿ. 25 ಸುರಂಗ. ಡೈನಮೈಟ್ ಇನ್ನೂ ಬಂದಿರಲಿಲ್ಲ, ಕರಿಮದ್ದು, ಉಳಿ, ಸುತ್ತಿಗೆ ಅಷ್ಟೇ. ನೇರ ಬಂಡೆಯ ಮೇಲಿಂದ ಹಗ್ಗ ಕಟ್ಟಿ ಆಳುಗಳನ್ನು ಇಳಿಬಿಟ್ಟು ಕಲ್ಲಿಗೆ ತೂತು ಹೊಡೆಸಿದರು. 1861ರ ಹೊತ್ತಿಗೆ ಆ ಒಂದು ಘಟ್ಟದ ಮೇಲೆ ಸುಮಾರು 42 ಸಾವಿರ ಜನ ಕೆಲಸದಲ್ಲಿದ್ದರು. ಬಯಲಲ್ಲಿ ಗುಡಿಸಲು, ಕುಡಿಯೋಕೆ ಕೆಟ್ಟ ನೀರು, ಮೇಲೆ ಕಾಲರಾ. ಆ ಎಂಟು ವರ್ಷದಲ್ಲಿ ಸತ್ತವರು 25 ಸಾವಿರ ಇರಬಹುದು ಅನ್ನೋದು ರೈಲ್ವೆ ಕಟ್ಟಿದವರ ಇತಿಹಾಸ ಬರೆದ ವಿದ್ವಾಂಸರ ಅಂದಾಜು. ಗಮನಿಸಿ, ಅಂದಾಜು! ಒಂದು ಸೇತುವೆಗೆ ಎಷ್ಟು ಕಲ್ಲು ಬಿತ್ತು ಅಂತ ಲೆಕ್ಕ ಬರೆದ ಕಂಪನಿ ಎಷ್ಟು ಹೆಣ ಬಿತ್ತು ಅಂತ ಸರಿಯಾಗಿ ಬರೆದಿಡಲಿಲ್ಲ.

ಇದೇ ಭೋರ್ ಘಾಟಿನಲ್ಲಿ 1859ರ ಜನವರಿಯಲ್ಲಿ ಕೂಲಿಗಳು ದಂಗೆ ಎದ್ದರು. ಕಾರಣ ಬಹಳ ಸರಳ, ದುಡಿದ ಕೂಲಿ ಬಂದಿರಲಿಲ್ಲ. ದೊಡ್ಡ ಗುತ್ತಿಗೆದಾರನಿಂದ ತುಂಡು ಗುತ್ತಿಗೆದಾರನಿಗೆ, ಅವನಿಂದ ಮುಕದ್ದಮನಿಗೆ, ದುಡ್ಡು ಕೈಯಿಂದ ಕೈಗೆ ಜಾರುತ್ತಾ ಕೆಳಗೆ ಬರೋ ಹೊತ್ತಿಗೆ ಖಾಲಿ. ಜಗಳದಲ್ಲಿ ಒಬ್ಬ ಯುರೋಪಿಯನ್ ಸತ್ತ. ಮುಂದಿನ ವರ್ಷವೇ ರೈಲ್ವೆ ಮತ್ತಿತರ ಕಾಮಗಾರಿಗಳ ಕೂಲಿ ತಕರಾರು ತೀರ್ಮಾನಿಸೋಕೆ ಅಂತ ಸರ್ಕಾರ ಕಾಯ್ದೆ ಮಾಡಿತು. ಅಂದರೆ ಈ ದೇಶದಲ್ಲಿ ರೈಲಿನ ಇತಿಹಾಸ ಎಷ್ಟು ಹಳೆಯದೋ, ರೈಲಿನ ಕೂಲಿಕಾರರ ಹೋರಾಟದ ಇತಿಹಾಸವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಆ ಕಾಮಗಾರಿಯ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ಸತ್ತಾಗ ಅವನ ಹೆಂಡತಿ ಆಲಿಸ್ ಗುತ್ತಿಗೆ ವಹಿಸಿಕೊಂಡು ಕೆಲಸ ಮುಗಿಸಿದಳು. ಆ ಹೆಣ್ಣುಮಗಳನ್ನು ಇವತ್ತು ನೆನೆಯೋದು ಸರಿಯೇ. ಆದರೆ ಅದೇ ಘಟ್ಟದಲ್ಲಿ ಬುಟ್ಟಿ ಹೊತ್ತ ಸಾವಿರಾರು ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ನಮಗೆ ಸಿಕ್ಕಿಲ್ಲ.

ಇವರೆಲ್ಲ ಯಾರು? ಎಲ್ಲರೂ ದಲಿತರೇ ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತೆ. ಬರ ಬಂದಾಗ ಸಣ್ಣ ರೈತರೂ ಬುಟ್ಟಿ ಹೊತ್ತಿದ್ದಾರೆ. ಆದರೆ ಮಣ್ಣು ಅಗೆಯೋದು, ಕಲ್ಲು ಒಡೆಯೋದು, ಹೊರೋದು ಈ ದೇಶದಲ್ಲಿ ಯಾರ ಪಾಲಿಗೆ ಬಂದಿತ್ತು ಅಂತ ಎಲ್ಲರಿಗೂ ಗೊತ್ತು. ದಕ್ಷಿಣದ ರೈಲ್ವೆ ಕಾಮಗಾರಿಗಳ ಬಗ್ಗೆ ಬರೆದ ಬ್ರಿಟಿಷರು ಮತ್ತೆ ಮತ್ತೆ ಒಂದು ಸಮುದಾಯದ ಹೆಸರು ಬರೀತಾರೆ: ವಡ್ಡರು. ನಮ್ಮ ಕಲ್ಲೊಡ್ಡರು, ಮಣ್ಣೊಡ್ಡರು, ಇವತ್ತಿನ ಭೋವಿ ಸಮುದಾಯ. ಇಡೀ ಕುಟುಂಬ, ಕತ್ತೆ, ಗುಡಾರ ಸಮೇತ ಕಾಮಗಾರಿಯಿಂದ ಕಾಮಗಾರಿಗೆ ಹೋಗ್ತಿದ್ದವರು. ಮಣ್ಣಿನ ಕೆಲಸದಲ್ಲಿ ಇವರನ್ನು ಮೀರಿಸುವವರಿಲ್ಲ ಅಂತ ದೊರೆಗಳೇ ಒಪ್ಪಿಕೊಂಡಿದ್ದರು. ನೆಲ ನೋಡಿ ಗಟ್ಟಿ ಮಣ್ಣು ಯಾವುದು, ಕುಸಿಯೋ ಮಣ್ಣು ಯಾವುದು ಅಂತ ಹೇಳೋದು ವಿದ್ಯೆ ಅಲ್ವಾ? ಎಂಜಿನಿಯರ್ ಕಾಗದದ ಮೇಲೆ ಬರೆದರೆ ಅದು ಜ್ಞಾನ, ವಡ್ಡರವನು ಸಲಿಕೆಯಲ್ಲಿ ಬರೆದರೆ ಅದು ಕೂಲಿ.

ರೈಲು ಬರೋ ಮೊದಲೂ ಘಟ್ಟ ಖಾಲಿ ಇರಲಿಲ್ಲ ಅನ್ನೋದನ್ನೂ ನೆನಪಿಡಿ. ಕರಾವಳಿಯ ಉಪ್ಪನ್ನು ಮೇಲಕ್ಕೆ, ಬಯಲುಸೀಮೆಯ ಧಾನ್ಯವನ್ನು ಕೆಳಕ್ಕೆ ಎತ್ತುಗಳ ಮೇಲೆ ಹೇರಿಕೊಂಡು ಹೋಗ್ತಿದ್ದವರು ಲಂಬಾಣಿಗಳು, ಕೊರಮರು, ಕೊರಚರು. ಘಟ್ಟದ ದಾರಿಗಳು ಅವರ ಕಾಲಿಗೆ ಗೊತ್ತಿದ್ದ ದಾರಿಗಳು. ರಸ್ತೆ ಮತ್ತು ರೈಲು ಬಂದು ಆ ವ್ಯಾಪಾರ ಮುರಿದುಬಿತ್ತು. ಹೊಟ್ಟೆಪಾಡಿಗೆ ಅಲೆಯತೊಡಗಿದ ಇಂಥ ಸಮುದಾಯಗಳನ್ನು ಅದೇ ಸರ್ಕಾರ ಅನುಮಾನದಿಂದ ನೋಡಿತು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು, ಮುಂದೆ ಒಂದೊಂದೇ ಪ್ರಾಂತ್ಯಕ್ಕೆ ವಿಸ್ತರಿಸಿತು, ಹುಟ್ಟಿದ ಮಗುವೂ ಅಪರಾಧಿ ಅನ್ನೋ ಪಟ್ಟಿ ತಯಾರಾಯ್ತು. ಮೊದಲು ಅನ್ನ ಕಿತ್ತುಕೊಂಡರು, ಆಮೇಲೆ ಕಳ್ಳ ಅಂದರು. ಘಟ್ಟದ ರೈಲಿನ ಪರಂಪರೆ ಅಂತ ಬೋರ್ಡು ಹಾಕಿದರೆ ಅದರಲ್ಲಿ ಈ ಸಾಲೂ ಇರಬೇಕು.

ಮುಂದಿನ ಅಧ್ಯಾಯ ಬರ. 1876ರಿಂದ 78ರವರೆಗಿನ ಮಹಾ ಕ್ಷಾಮ. ನಮ್ಮ ಹಿರಿಯರು ಧಾತು ವರ್ಷದ ಬರ ಅಂತ ಕರೆದದ್ದು ಇದನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರ ಗಣತಿಯಲ್ಲಿ 42 ಲಕ್ಷದ ಒಳಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಬೆಂಗಳೂರು–ಮೈಸೂರು ರೈಲು ಹಳಿಯ ಮಣ್ಣಿನ ಕೆಲಸ ಶುರುವಾಗಿದ್ದು ಈ ಬರ ಪರಿಹಾರ ಕಾಮಗಾರಿಯಾಗಿ. ಆ ಮಾರ್ಗ 1882ರಲ್ಲಿ ಮೈಸೂರು ಮುಟ್ಟಿತು. ಬರ ಪರಿಹಾರದ ಕೆಲಸಗಳಲ್ಲಿ ಕೂಲಿ ಎಷ್ಟಿರಬೇಕು ಅನ್ನೋ ಚರ್ಚೆ ನಡೆದಾಗ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಮದ್ರಾಸ್ ಪ್ರಾಂತ್ಯದಲ್ಲಿ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗೂ ಕಡಿಮೆ ಧಾನ್ಯ ಮತ್ತು ಸ್ವಲ್ಪ ಚಿಲ್ಲರೆ ಸಾಕು ಅಂತ ಪ್ರಯೋಗ ಮಾಡಿದ. ಇಡೀ ದಿನ ಮಣ್ಣು ಹೊರುವವನಿಗೆ! ಅದಕ್ಕೆ ಅವನ ಹೆಸರೇ ಅಂಟಿಕೊಂಡಿತು, ಟೆಂಪಲ್ ಕೂಲಿ ಅಂತ. ನೋಡಿ, ಇಲ್ಲಿಯೂ ಹೆಸರು ಉಳಿದದ್ದು ಕೂಲಿ ಕತ್ತರಿಸಿದವನದ್ದು.

ಬರದ ಸೀಮೆಗೆ ಧಾನ್ಯ ಸಾಗಿಸಬೇಕು ಅನ್ನೋ ಲೆಕ್ಕದಲ್ಲೇ 1882ರಲ್ಲಿ ಸದರ್ನ್ ಮರಾಠ ರೈಲ್ವೆ ಕಂಪನಿ ಹುಟ್ಟಿತು. ಪುಣೆ, ಮೀರಜ್, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿಗಳನ್ನು ಜೋಡಿಸಿದ್ದು ಇದೇ ಕಂಪನಿಯ ಮೀಟರ್ ಗೇಜ್ ಹಳಿ. ಗೋವಾ ಕಡೆಯಿಂದ ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸ್ ಸೀಮೆಯ ಹಳಿ 1880ರ ದಶಕದಲ್ಲಿ ನಮ್ಮ ಉತ್ತರ ಕನ್ನಡದ ಕ್ಯಾಸಲ್ ರಾಕ್‌ನಲ್ಲಿ ಇದಕ್ಕೆ ಕೂಡಿಕೊಂಡಿತು. ಇವತ್ತು ದೂಧ್‌ಸಾಗರ್ ಜಲಪಾತದ ಮುಂದೆ ಸೇತುವೆ ಮೇಲೆ ರೈಲು ಹೋಗುವ ಫೋಟೋ ನೋಡದವರು ಯಾರೂ ಇಲ್ಲ. ಪ್ರತಿ 37 ಅಡಿಗೆ ಒಂದು ಅಡಿ ಏರುವ ಘಟ್ಟ ಅದು.

ಅದೇ ಸದರ್ನ್ ಮರಾಠ ರೈಲ್ವೆಯ ಹಳಿ ಮೇಲೆ, ಸಾತಾರಾ ಜಿಲ್ಲೆಯಲ್ಲಿ ಮಸೂರ್ ಅಂತ ಒಂದು ಸಣ್ಣ ಸ್ಟೇಷನ್ ಇದೆ. ಯಾವ ಪ್ರವಾಸಿ ಪಟ್ಟಿಯಲ್ಲೂ ಬರದ ಸ್ಟೇಷನ್ನು. 1901ರ ಹೊತ್ತಿಗೆ ಒಂಬತ್ತು ಹತ್ತು ವರ್ಷದ ಒಬ್ಬ ಹುಡುಗ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಲ್ಲಿ ರೈಲಿಳಿದ. ಹೊಸ ಇಂಗ್ಲಿಷ್ ಅಂಗಿ, ತಲೆಗೆ ಜರಿ ಟೋಪಿ. ಜೀವನದಲ್ಲಿ ಮೊದಲ ರೈಲು ಪ್ರಯಾಣದ ಸಂಭ್ರಮ. ಕರೆದೊಯ್ಯೋಕೆ ಅಪ್ಪ ಬಂದಿರಲಿಲ್ಲ, ಬರೆದ ಕಾಗದ ಅವರ ಕೈ ಸೇರಿರಲಿಲ್ಲ. ಅಪ್ಪ ಕೋರೆಗಾಂವ್‌ನಲ್ಲಿ ಕ್ಯಾಷಿಯರ್, ಯಾವ ಕೆಲಸದಲ್ಲಿ ಅಂದರೆ ಬರ ಪರಿಹಾರಕ್ಕೆ ತೋಡಿಸುತ್ತಿದ್ದ ಒಂದು ಕೆರೆಯ ಕಾಮಗಾರಿಯಲ್ಲಿ. ಮಕ್ಕಳ ಬಟ್ಟೆ ನೋಡಿ ಸ್ಟೇಷನ್ ಮಾಸ್ತರು ಮೊದಲು ಚೆನ್ನಾಗೇ ಮಾತಾಡಿಸಿದರು. ಯಾರ ಮಕ್ಕಳು ಅಂತ ಕೇಳಿದರು. ಮಹಾರರು ಅಂದ ತಕ್ಷಣ ಮುಖ ಬದಲಾಯ್ತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬರೋದು ಅಂತ ಒಪ್ಪಂದವಾಯ್ತು. ರಾತ್ರಿಯೆಲ್ಲ ಕುಡಿಯೋಕೆ ನೀರು ಸಿಗಲಿಲ್ಲ. ಆ ಹುಡುಗ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಬಾಬಾಸಾಹೇಬರು ಇದನ್ನೆಲ್ಲ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ತಾವೇ ಬರೆದಿಟ್ಟಿದ್ದಾರೆ.

ನನ್ನನ್ನು ಕೇಳಿದರೆ ಈ ದೇಶದ ರೈಲು ಪರಂಪರೆಯಲ್ಲಿ ಮಸೂರ್ ಸ್ಟೇಷನ್ನಿಗೆ ಇರುವ ಜಾಗ ಯಾವ ಮಹಾರಾಜರ ಸಲೂನಿಗೂ ಇಲ್ಲ. ರೈಲು ಜಾತಿ ಮುರಿಯುತ್ತೆ, ಒಂದೇ ಬೋಗಿಯಲ್ಲಿ ಎಲ್ಲರೂ ಕೂರಬೇಕಾಗುತ್ತೆ ಅಂತ ಆ ಕಾಲದಲ್ಲಿ ಬಹಳ ಜನ ನಂಬಿದ್ದರು. ಅದರಲ್ಲಿ ನಿಜವೂ ಇತ್ತು. ಟಿಕೆಟಿಗೆ ಜಾತಿ ಇರಲಿಲ್ಲ. ಆದರೆ ಜಾತಿ ಪ್ಲಾಟ್‌ಫಾರಂ ಮೇಲೆ ಕಾಯ್ತಾ ನಿಂತಿತ್ತು.

ಪ್ರಯಾಣಿಕನ ಕಥೆ ಇದಾದರೆ ಕೆಲಸಗಾರನದ್ದು? ಅದನ್ನೂ ಬಾಬಾಸಾಹೇಬರೇ ಹೇಳಿದ್ದಾರೆ. 1938ರ ಫೆಬ್ರವರಿ 12, 13ರಂದು ಮನ್ಮಾಡ್‌ನಲ್ಲಿ ಜಿಐಪಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ ನಡೀತು. ಕಾರ್ಮಿಕರ ಎರಡು ಶತ್ರುಗಳು ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ ಅವರು ಹೇಳಿದ ಭಾಷಣ ಇದೇ. ಈ ಒಂದು ಮಾತನ್ನು ನಾವೆಲ್ಲ ಪೋಸ್ಟರಿಗೆ ಹಾಕ್ತೀವಿ. ಆದರೆ ಅದೇ ಭಾಷಣದಲ್ಲಿ ಅವರು ರೈಲ್ವೆಯ ಬಗ್ಗೆ ಹೇಳಿದ್ದನ್ನು ಹೆಚ್ಚು ಜನ ಓದಿಲ್ಲ. ಅದರ ಸಾರ ಇಷ್ಟು: ರೈಲ್ವೆಯಲ್ಲಿ ದಲಿತ ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಸಾಯ್ತಾನೆ, ಮೇಲೆ ಹೋಗೋ ದಾರಿಯೇ ಇಲ್ಲ. ಪೋರ್ಟರ್ ಕೂಡ ಆಗೋಕಾಗಲ್ಲ. ಯಾಕೆ? ಪೋರ್ಟರನನ್ನು ಸ್ಟೇಷನ್ ಮಾಸ್ತರು ತನ್ನ ಮನೆಗೆಲಸಕ್ಕೂ ಬಳಸಿಕೊಳ್ತಾನೆ, ಮೇಲ್ಜಾತಿಯ ಮಾಸ್ತರನ ಮನೆಯೊಳಗೆ ಅಸ್ಪೃಶ್ಯ ಕಾಲಿಡೋ ಹಾಗಿಲ್ಲ. ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗೋದೂ ಹಾಗೇ ದೂರದ ಮಾತು. ನಿಯಮ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೂ ಒಬ್ಬ ಮಾಸ್ತರನ ಅಡುಗೆಮನೆಯ ಮಡಿ ಸಾವಿರಾರು ಜನರ ಬಡ್ತಿಯನ್ನು ನಿಲ್ಲಿಸಿತು. ನಮ್ಮಂಥ ಗುಮಾಸ್ತರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತೆ. ಆದೇಶದಲ್ಲಿ ಇಲ್ಲದ್ದು ಆಚರಣೆಯಲ್ಲಿ ಹೇಗಿರುತ್ತೆ ಅಂತ ದಿನಾ ನೋಡ್ತೀವಲ್ಲ.

ಗ್ಯಾಂಗ್‌ಮನ್ ಕೆಲಸ ಏನು ಅಂತ ಗಾಜಿನ ಬೋಗಿಯಲ್ಲಿ ಕೂತವರಿಗೆ ಗೊತ್ತಿರಲಿಕ್ಕಿಲ್ಲ. ಈಗ ಟ್ರ್ಯಾಕ್ ಮೇಂಟೇನರ್ ಅಂತ ಹೆಸರು ಬದಲಾಗಿದೆ. ಕೀಮ್ಯಾನ್ ಅನ್ನೋರು ದಿನಾ ಬೆಳಗ್ಗೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ತಮ್ಮ ಪಾಲಿನ ಕಿಲೋಮೀಟರುಗಳನ್ನು ನಡೆದೇ ನೋಡಬೇಕು. ಸಡಿಲವಾದ ಕೀಲಿಯನ್ನು ಬಡಿದು ಕೂರಿಸಬೇಕು. ಮಳೆಗಾಲದಲ್ಲಿ ಘಟ್ಟದಲ್ಲಿ ರಾತ್ರಿ ಗಸ್ತು ಬೇರೆ. ಕೈಯಲ್ಲಿ ದೀಪ, ಚೀಲದಲ್ಲಿ ಹಳಿ ಮೇಲೆ ಇಡುವ ಪಟಾಕಿ. ಬಂಡೆ ಉರುಳಿದ್ದರೆ, ಮಣ್ಣು ಜಾರಿದ್ದರೆ ದೂರದಲ್ಲೇ ಪಟಾಕಿ ಇಟ್ಟು ರೈಲು ನಿಲ್ಲಿಸಬೇಕು. ಜೋರು ಮಳೆಯ ಸದ್ದಿನಲ್ಲಿ ಹಿಂದಿನಿಂದ ಬರೋ ರೈಲಿನ ಸದ್ದು ಕೇಳಲ್ಲ. ಸುರಂಗದೊಳಗೆ ಸಿಕ್ಕಿಕೊಂಡರೆ ಗೋಡೆಯಲ್ಲಿ ಕೊರೆದ ಗೂಡಿಗೆ ಸೇರಿ ಉಸಿರು ಹಿಡಿದು ನಿಲ್ಲಬೇಕು. ಪ್ರವಾಸಿಗರು ಯಾವ ಮಳೆ ನೋಡೋಕೆ ದುಡ್ಡು ಕೊಟ್ಟು ಬರ್ತಾರೋ ಅದೇ ಮಳೆಯಲ್ಲಿ ಇವರು ಜೀವ ಕೈಯಲ್ಲಿ ಹಿಡಿದು ನಡೀತಾರೆ.

ಈಗ ನಮ್ಮ ಸಕಲೇಶಪುರದ ಹಳಿಗೇ ಬರ್ತೀನಿ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾಗಿದ್ದು 1979ರಲ್ಲಿ. ಇದು ಬ್ರಿಟಿಷರ ಕಾಲದ್ದಲ್ಲ, ಸ್ವತಂತ್ರ ಭಾರತದ್ದು, ಸಂವಿಧಾನ ಬಂದ ಮೇಲಿನದ್ದು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಮಾಡೋಕೆ ಮುಚ್ಚಿದರು, 2006ರಲ್ಲಿ ಗೂಡ್ಸ್ ಗಾಡಿ, 2007ರ ಕೊನೆಗೆ ಪ್ರಯಾಣಿಕರ ರೈಲು ಶುರುವಾಯ್ತು. ಅಂದರೆ ಈ ಸುರಂಗಗಳಲ್ಲಿ ದುಡಿದವರಲ್ಲಿ ಎಷ್ಟೋ ಜನ ಇವತ್ತೂ ಬದುಕಿದ್ದಾರೆ. ಭೋರ್ ಘಾಟಿನವರ ಹೆಸರು ನಾವು ಕಳಕೊಂಡೆವು, ಸರಿ. ಇವರ ಹೆಸರು ಕಳಕೊಳ್ಳೋಕೆ ನಮಗೆ ಯಾವ ನೆಪ ಇದೆ?

ನಮ್ಮ ಸೋದರಮಾವ ಎಪ್ಪತ್ತರ ದಶಕದಲ್ಲಿ ಎರಡು ಬೇಸಿಗೆ ಘಟ್ಟದ ಹಳಿ ಕೆಲಸಕ್ಕೆ ಹೋಗಿದ್ದರು. ಒಬ್ಬ ತುಂಡು ಗುತ್ತಿಗೆದಾರ ಊರಿಂದ ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದ. ಎರಡನೇ ವರ್ಷ ಕಲ್ಲು ಬಿದ್ದು ಎಡಗೈಯ ಎರಡು ಬೆರಳು ಹೋದವು. ಗುತ್ತಿಗೆದಾರ ಬಸ್ ಚಾರ್ಜು ಕೊಟ್ಟು ಊರಿಗೆ ಕಳಿಸಿದ, ಅಷ್ಟೇ ಪರಿಹಾರ. ಕಾಮಗಾರಿಯ ಹಾಜರಿಯಲ್ಲಿ ಅವರ ಹೆಸರು ಇತ್ತೋ, ಬೇರೆ ಯಾರದ್ದೋ ಹೆಸರಿಗೆ ಇವರ ಹೆಬ್ಬೆಟ್ಟು ಒತ್ತಿಸಿದ್ದರೋ, ಅದೂ ಅವರಿಗೆ ಗೊತ್ತಿರಲಿಲ್ಲ. ಓದು ಬರುತ್ತಿರಲಿಲ್ಲ. ಸಾಯೋವರೆಗೂ ಅವರು ಆ ರೈಲಿನಲ್ಲಿ ಒಮ್ಮೆಯೂ ಹೋಗಲಿಲ್ಲ. ಇದೇನು ಅಪರೂಪದ ಕಥೆಯಲ್ಲ, ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇಂಥ ಒಬ್ಬ ಮಾವ, ಒಬ್ಬ ತಾತ, ಒಬ್ಬ ದೊಡ್ಡಮ್ಮ ಇದ್ದೇ ಇರ್ತಾರೆ.

2024ರ ಜುಲೈ 26ರಂದು ಇದೇ ಮಾರ್ಗದಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತ ಆಯ್ತು. ಹಳಿ ಕೆಳಗಿನ ಮಣ್ಣೇ ಜಾರಿಹೋಯ್ತು. ಆಗಸ್ಟ್ ತಿಂಗಳವರೆಗೆ ರೈಲುಗಳು ನಿಂತವು. ನೂರಾರು ಕಾರ್ಮಿಕರು ಆ ಸುರಿಯೋ ಮಳೆಯಲ್ಲಿ ಹಗಲು ರಾತ್ರಿ ಮರಳು ಮೂಟೆ, ಕಲ್ಲು ಜೋಡಿಸಿ ಹಳಿ ಸರಿ ಮಾಡಿದರು. ರಸ್ತೆಯೇ ಇಲ್ಲದ ಜಾಗ ಅದು, ಸಾಮಾನು ಎಲ್ಲ ಹಳಿ ಮೇಲೇ ಬರಬೇಕು. ಪೇಪರಿನಲ್ಲಿ ಏನು ಬಂತು? ಎಷ್ಟು ರೈಲು ರದ್ದು, ಎಷ್ಟು ರೈಲು ಮಾರ್ಗ ಬದಲು, ಯಾವ ಅಧಿಕಾರಿ ಸ್ಥಳ ಪರಿಶೀಲನೆ ಮಾಡಿದರು. ಕಾರ್ಮಿಕರದ್ದು ಬರೀ ಸಂಖ್ಯೆ.

ಹಳಿ ಅಂದ ಮೇಲೆ ಇನ್ನೊಂದು ವಿಷಯ ಬಿಡೋಕಾಗಲ್ಲ. ನೂರಕ್ಕೂ ಹೆಚ್ಚು ವರ್ಷ ಈ ದೇಶದ ರೈಲು ಬೋಗಿಗಳ ಪಾಯಿಖಾನೆ ನೇರ ಹಳಿ ಮೇಲೆ ಬೀಳ್ತಿತ್ತು. ಸ್ಟೇಷನ್ನುಗಳಲ್ಲಿ ಅದನ್ನು ಬಳಿದವರು ಯಾವ ಜಾತಿಯವರು ಅಂತ ಯಾವ ಸಮೀಕ್ಷೆಯೂ ಬೇಕಾಗಿಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ರೈಲು ಹಳಿಯನ್ನೂ ಹೆಸರಿಸಿತು. 2014ರ ಮಾರ್ಚ್‌ನಲ್ಲಿ ಸಫಾಯಿ ಕರ್ಮಚಾರಿ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಳಿ ಮೇಲೆ ಮಲ ಎತ್ತಿಸುವುದನ್ನು ನಿಲ್ಲಿಸೋಕೆ ಕಾಲಮಿತಿಯ ಯೋಜನೆ ಮಾಡಿ ಅಂತ ರೈಲ್ವೆಗೆ ಹೇಳಿತು. ಆ ಆಂದೋಲನ ಕಟ್ಟಿದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಕೆಜಿಎಫ್‌ನವರು. ಈಗ ಬೋಗಿಗಳಿಗೆ ಬಯೋ ಟಾಯ್ಲೆಟ್ ಬಂದಿದೆ, ಒಳ್ಳೇದೇ. ಆದರೆ ರೈಲ್ವೆ ಮ್ಯೂಸಿಯಂಗಳಲ್ಲಿ ಇಂಜಿನ್ನಿನ ವಿಕಾಸ ತೋರಿಸುವ ಹಾಗೆ ಈ ನೂರು ವರ್ಷದ ಅವಮಾನವನ್ನೂ ತೋರಿಸಬೇಕು ಅಂತ ಕೇಳಿದರೆ ಜನ ಮುಖ ಕಿವುಚುತ್ತಾರೆ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ 1899ರ ಮಹಾರಾಣಿ ಸಲೂನ್ ಇದೆ, ಊಟದ ಕೋಣೆ, ಶೌಚಾಲಯ ಸಮೇತ. ರಾಣಿಯ ಶೌಚಾಲಯ ಪರಂಪರೆ ಆಗಬಹುದಾದರೆ ಅದನ್ನು ತೊಳೆದ ಕೈ ಯಾಕೆ ಆಗಬಾರದು?

ಪರಂಪರೆ ಅನ್ನೋ ಮಾತಿಗೆ ಬಂದರೆ ಯುನೆಸ್ಕೋ ಪಟ್ಟಿಯನ್ನು ನೋಡಿ. ಡಾರ್ಜಿಲಿಂಗ್ 1999ರಲ್ಲಿ, ನಮ್ಮ ಪಕ್ಕದ ನೀಲಗಿರಿ 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ ಸೇರಿದವು. ನೀಲಗಿರಿಯದ್ದು 46 ಕಿಲೋಮೀಟರು, 208 ತಿರುವು, 16 ಸುರಂಗ, 250 ಸೇತುವೆ. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿತು. ಹಲ್ಲಿನ ಹಳಿಯ ತಂತ್ರ ಸ್ವಿಟ್ಜರ್ಲೆಂಡಿನ ಆಬ್ಟ್ ಅನ್ನೋ ಎಂಜಿನಿಯರದ್ದು, ಇಂಜಿನ್ನೂ ಸ್ವಿಸ್. ಇದೆಲ್ಲ ಯಾವ ಗೈಡನ್ನು ಕೇಳಿದರೂ ಪಟಪಟ ಅಂತ ಹೇಳ್ತಾನೆ. ಹಲ್ಲು ಯಾವ ದೇಶದ್ದು ಅಂತ ಗೊತ್ತು, ಆ ಹಲ್ಲಿನ ಹಳಿಯನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿಸಿದವನ ಊರು ಯಾವುದು ಅಂತ ಗೊತ್ತಿಲ್ಲ.

ಇದೆಲ್ಲ ಆಗದ ಮಾತು ಅಂತ ಹೇಳುವವರಿಗೆ ಎರಡು ಉದಾಹರಣೆ ಕೊಡ್ತೀನಿ. ಕಾಲ್ಕಾ–ಶಿಮ್ಲಾ ಹಳಿಗೆ ದಾರಿ ತೋರಿಸಿದ್ದು ಭಲ್ಕು ಅನ್ನೋ ಓದುಬರಹ ಇಲ್ಲದ ಒಬ್ಬ ಬೆಟ್ಟದ ಮನುಷ್ಯ ಅಂತ ಅಲ್ಲಿನ ಜನ ನೆನಪಿಟ್ಟುಕೊಂಡರು. ಕೋಲಿನಿಂದ ಬಂಡೆ ತಟ್ಟಿ ನೋಡಿ ಸುರಂಗ ಎಲ್ಲಿ ಕೊರೆಯಬೇಕು ಅಂತ ಹೇಳ್ತಿದ್ದನಂತೆ. ಇವತ್ತು ಶಿಮ್ಲಾದ ರೈಲು ಮ್ಯೂಸಿಯಂಗೆ ಅವನದ್ದೇ ಹೆಸರು. ಎರಡನೆಯದು ನಮ್ಮ ಕಾರವಾರ, ಉಡುಪಿ ಮೇಲೆ ಹಾದುಹೋಗುವ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ. ಅದನ್ನು ಕಟ್ಟುವಾಗ ಸತ್ತವರಿಗಾಗಿ ರತ್ನಾಗಿರಿಯಲ್ಲಿ ಶ್ರಮಶಕ್ತಿ ಸ್ಮಾರಕ ಇದೆ. ಜನ ನೆನಪಿಟ್ಟುಕೊಂಡರೆ, ಆಡಳಿತ ಮನಸ್ಸು ಮಾಡಿದರೆ ಆಗುತ್ತೆ.

ಎಲ್ಲದರಲ್ಲೂ ಯಾಕೆ ಜಾತಿ ತರ್ತೀರಿ, ರೈಲಿನಲ್ಲೂ ಜಾತಿನಾ ಅಂತ ಕೆಲವರು ಕೆಳಗೆ ಬಂದು ಕೇಳೇ ಕೇಳ್ತಾರೆ, ಗೊತ್ತು. ಅವರಿಗೆ ಮನ್ಮಾಡ್ ಭಾಷಣ ಓದಿ ಅಂತಷ್ಟೇ ಹೇಳ್ತೀನಿ. ಜಾತಿಯನ್ನು ರೈಲಿಗೆ ನಾವು ತರಲಿಲ್ಲ. ಅದು ಅಲ್ಲೇ ಇತ್ತು, ಅದಕ್ಕೆ ಹುದ್ದೆ ಇತ್ತು, ಸಂಬಳ ಇತ್ತು, ಕ್ವಾರ್ಟರ್ಸ್ ಕೂಡ ಇತ್ತು.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಒಂದು, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಸ್ಟೇಷನ್ನುಗಳಲ್ಲಿ ಈ ಮಾರ್ಗ ಕಟ್ಟುವಾಗ ಮತ್ತು ಕಾಯುವಾಗ ಪ್ರಾಣ ಕಳಕೊಂಡವರ ಹೆಸರಿನ ಫಲಕ ಬೇಕು, ಕನ್ನಡದಲ್ಲಿ. ಎರಡು, ಈ ಕಾಮಗಾರಿಗಳ ಹಾಜರಿ ಪಟ್ಟಿ, ಅಪಘಾತದ ಕಡತ, ಪರಿಹಾರದ ಕಡತ ಎಲ್ಲಿ ಉಳಿದಿದ್ದರೂ ವಿಲೇವಾರಿ ಮಾಡದೆ ಪತ್ರಾಗಾರಕ್ಕೆ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಕೇಳೋಣ, ಅರ್ಜಿ ಬರೆಯೋದು ನನ್ನ ಜವಾಬ್ದಾರಿ, ಹತ್ತು ರೂಪಾಯಿ ಖರ್ಚು. ಮೂರು, ಟ್ರ್ಯಾಕ್ ಮೇಂಟೇನರುಗಳ ಸುರಕ್ಷತೆ ಮತ್ತು ಬಡ್ತಿಯ ಬೇಡಿಕೆ ಎಲ್ಲೆಲ್ಲಿ ಇದೆಯೋ ಅಲ್ಲಿ ನಮ್ಮ ಸಂಘಟನೆಗಳೂ ದನಿಗೂಡಿಸಬೇಕು. ನಾಲ್ಕು, ಗಾಜಿನ ಬೋಗಿ ಜೊತೆಗೆ ಜನರಲ್ ಬೋಗಿಯೂ ಹೆಚ್ಚಲಿ. ಘಟ್ಟ ನೋಡೋಕೆ ಗಾಜೇ ಬೇಕಾಗಿಲ್ಲ, ಕೂರೋಕೆ ಜಾಗ ಸಿಕ್ಕರೆ ಸಾಕು.

ಐದನೆಯದು ಸರ್ಕಾರದ್ದಲ್ಲ, ನಮ್ಮದು. ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು ಕೇಳಿ. ಯಾವ ಹಳಿ, ಯಾವ ಸುರಂಗ, ಯಾವ ಡ್ಯಾಮು, ಯಾವ ರಸ್ತೆ ಕೆಲಸಕ್ಕೆ ಹೋಗಿದ್ದರು, ಜೊತೆಗೆ ಯಾರಿದ್ದರು, ಕೂಲಿ ಎಷ್ಟು, ಯಾರು ಸತ್ತರು. ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರ ಒಪ್ಪಿಗೆ ಕೇಳಿ, ಒಪ್ಪಿದರೆ ಹೆಸರು, ಊರು, ವರ್ಷ ನನ್ನ ಇನ್‌ಬಾಕ್ಸಿಗೆ ಕಳಿಸಿ. ನಾನು ಒಂದು ಲೆಡ್ಜರ್ ತೆಗೆದಿಟ್ಟಿದ್ದೀನಿ, ನಿಜವಾದ ಕೆಂಪು ಬೈಂಡಿನ ಲೆಡ್ಜರ್. ಕ್ರಮ ಸಂಖ್ಯೆ ಹಾಕಿ ಬರೀತೀನಿ. ಮೊದಲ ಸಾಲಿನಲ್ಲಿ ನಮ್ಮ ಮಾವನ ಹೆಸರು ಬರೆದಾಗಿದೆ. ಎರಡನೇ ಸಾಲು ನಿಮ್ಮದು.

ಜೈ ಭೀಮ್.